ಸೃಷ್ಟಿಯ ಆರು ದಿನಗಳೂ ಬಳ್ಳಾರಿ ಸೀಮೆಯ ಬಂಡೆಗಳೂ

ತುಂಗಭದ್ರೆಯ ಹಿನ್ನೀರಿಗೆ ಅನತಿದೂರದಲ್ಲಿರುವ ತಂಬ್ರಹಳ್ಳಿಯಿಂದ ಹೊರಟು ಹಗರಿಬೊಮ್ಮನಹಳ್ಳಿಯನ್ನು ದಾಟಿ ಕೊಟ್ಟೂರು ಕೂಡ್ಲಿಗಿಗಳ ಕಡೆಗೆ ಸಾಗುವವನಿಗೂ, ಈಶಾನ್ಯಕ್ಕೆ ತಿರುಗಿ ಹೊಸಪೇಟೆ ಸಂಡೂರುಗಳ ದಾರಿ ಹಿಡಿಯುವವನಿಗೂ, ಕಣ್ಣು ಹೊರಳಿದಲ್ಲೆಲ್ಲ ಎದುರಾಗುವುದು ಕಲ್ಲು. ಒಂದೆಡೆ ನೆಲಕ್ಕೆ ಹಾಸಿದಂತಿರುವ ಅರೆ, ಇನ್ನೊಂದೆಡೆ ಮುಟ್ಟಿದರೆ ಉರುಳೀತೆಂಬಂತೆ ಕಾಣುತ್ತ ಯುಗಯುಗಗಳಿಂದ ಉರುಳದೆ ನಿಂತಿರುವ ಗುಂಡು, ಮತ್ತೊಂದೆಡೆ ಕಬ್ಬಿಣದ ಕೆಂಪನ್ನು ಮೈಗೆ ಬಳಿದುಕೊಂಡ ಬೆಟ್ಟಸಾಲು. ತಂಬ್ರಹಳ್ಳಿಯ ಆರಾಧ್ಯದೈವಕ್ಕೂ ಬಂಡೆ ರಂಗನಾಥನೆಂದೇ ಹೆಸರು. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದವರು, ಅಕ್ಷರ ಬಲ್ಲವರಾಗಲಿ ಬಾರದವರಾಗಲಿ, ಈ ಕಲ್ಲುಗಳನ್ನು ಇಲ್ಲಿ ನಿಲ್ಲಿಸಿದವರು ಯಾರು, ಯಾವಾಗ ನಿಲ್ಲಿಸಿದರು ಎಂದು ಒಮ್ಮೆಯಾದರೂ ತಮ್ಮಲ್ಲಿ ಕೇಳಿಕೊಳ್ಳದಿರುವುದು ಕಷ್ಟ. ಯಾರು ಎಂಬ ಪ್ರಶ್ನೆ ಶ್ರದ್ಧೆಗೆ ಸೇರಿದ್ದು; ಯಾವಾಗ, ಯಾವ ಕ್ರಮದಲ್ಲಿ ಎಂಬ ಪ್ರಶ್ನೆ ಪರೀಕ್ಷೆಗೂ ಗಣನೆಗೂ ಸೇರಿದ್ದು. ಈ ಎರಡನ್ನೂ ಒಂದೇ ಪ್ರಶ್ನೆಯೆಂದು ಭಾವಿಸಿದುದರಿಂದ ಕ್ರೈಸ್ತ ಜಗತ್ತಿನಲ್ಲಿ ಎರಡು ಶತಮಾನಗಳ ಕಾಲ ನಡೆದ ವಾದವಿವಾದದ ಎರಡು ಪಕ್ಷಗಳೂ ನಮ್ಮ ಬಳ್ಳಾರಿ ಸೀಮೆಗೇ ಬಂದು ನೆಲೆಸಿದ್ದುವೆಂಬ ಸಂಗತಿ ಬಹುಜನರಿಗೆ ತಿಳಿದಿಲ್ಲವಾದುದರಿಂದ ಅದನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇನೆ.

1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರಾಂತವನ್ನು ಇಂಗ್ಲಿಷರ ಕಂಪೆನಿಗೆ ಬಿಟ್ಟುಕೊಟ್ಟ ಹತ್ತು ವರ್ಷಗಳ ತರುವಾಯ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದನು. ಕನ್ನಡವನ್ನು ಕಲಿಯಬೇಕೆಂದು ಬಂದ ಪರದೇಶಿಗೆ ಆಗ ಕೈಗೆ ಸಿಗುವಂಥ ಅಚ್ಚಿನ ವ್ಯಾಕರಣವಾಗಲಿ ನಿಘಂಟಾಗಲಿ ಇರಲಿಲ್ಲ. ಅವನ ಸಹೋದ್ಯೋಗಿ ವಿಲಿಯಂ ರೀವನ ಕನ್ನಡ ನಿಘಂಟು ಮುದ್ರಣಗೊಂಡದ್ದು ಬಹುಕಾಲದ ಮೇಲೆ, 1832ರಲ್ಲಿ. ಇಂಥ ಸ್ಥಿತಿಯಲ್ಲಿ ಹ್ಯಾಂಡ್ಸನು ಊರವರ ಬಾಯಿಂದ ಭಾಷೆಯನ್ನು ಸಂಗ್ರಹಿಸಿ, ಪಂಡಿತರ ನೆರವಿನಿಂದ ತಿದ್ದಿ, ವರ್ಷಗಳ ಪರಿಶ್ರಮದಿಂದ ಕ್ರೈಸ್ತರ ಧರ್ಮಗ್ರಂಥವನ್ನು ಕನ್ನಡಕ್ಕೆ ತಂದನು. ಸಂಪೂರ್ಣ ಬೈಬಲು ಕನ್ನಡದಲ್ಲಿ ಪ್ರಕಟವಾದದ್ದು 1831ರಲ್ಲಿ. ಜಗತ್ತು ಆರು ದಿನಗಳಲ್ಲಿ ನಿರ್ಮಿತವಾಯಿತೆಂಬ ಆದಿಕಾಂಡದ ಕಥನವು ಹೀಗೆ ಕನ್ನಡಿಗನ ಕೈಗೆ ಬಂದ ಅದೇ ವರ್ಷದ ಡಿಸೆಂಬರ್ 27ರಂದು ಚಾರ್ಲ್ಸ್ ಡಾರ್ವಿನ್ ಎಂಬ ತರುಣನು ಬೀಗಲ್ ಎಂಬ ಹಡಗಿನಲ್ಲಿ ಇಂಗ್ಲೆಂಡಿನ ತೀರವನ್ನು ಬಿಟ್ಟನು. ಅವನ ಪೆಟ್ಟಿಗೆಯಲ್ಲಿ ಹಿಂದಿನ ವರ್ಷವಷ್ಟೆ ಹೊರಬಂದಿದ್ದ ಚಾರ್ಲ್ಸ್ ಲಯಲನ ಭೂಗರ್ಭಶಾಸ್ತ್ರದ ಮೊದಲ ಸಂಪುಟವಿದ್ದಿತು. ಈ ಎರಡು ಪ್ರಯತ್ನಗಳಲ್ಲಿ ಒಂದಕ್ಕೊಂದರ ಅರಿವಿರಲಿಲ್ಲ.

ಆದಿಕಾಂಡದ ಮೊದಲನೆಯ ಅಧ್ಯಾಯವು ಹೇಳುವುದಾದರೂ ಏನು? ಆರಂಭದಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು. ಭೂಮಿಯು ಕ್ರಮವಿಲ್ಲದೆ ಬರಿದಾಗಿಯೂ ಜಲರಾಶಿಯು ಕತ್ತಲಿನಿಂದ ಕವಿದೂ ಇದ್ದಿತು. ಮೊದಲನೆಯ ದಿನ ಬೆಳಕು ಹುಟ್ಟಿ ಕತ್ತಲಿನಿಂದ ಬೇರ್ಪಟ್ಟಿತು. ಎರಡನೆಯ ದಿನ ಮೇಲಿನ ನೀರನ್ನೂ ಕೆಳಗಿನ ನೀರನ್ನೂ ವಿಂಗಡಿಸುವ ಗುಮ್ಮಟದಂಥ ಆಕಾಶ; ಮೂರನೆಯ ದಿನ ಒಣನೆಲ, ಹುಲ್ಲು, ಹಣ್ಣಿನ ಮರಗಳು; ನಾಲ್ಕನೆಯ ದಿನ ಸೂರ್ಯಚಂದ್ರ ನಕ್ಷತ್ರಗಳು; ಐದನೆಯ ದಿನ ಜಲಚರಗಳೂ ಪಕ್ಷಿಗಳೂ; ಆರನೆಯ ದಿನ ಭೂಚರ ಪ್ರಾಣಿಗಳು, ಕಟ್ಟಕಡೆಗೆ ದೇವರ ಸ್ವರೂಪದಲ್ಲಿ ನಿರ್ಮಿತರಾದ ಸ್ತ್ರೀಪುರುಷರು. ಏಳನೆಯ ದಿನ ವಿಶ್ರಾಂತಿ. ಹೆಚ್ಚಿನ ದಿನಗಳ ಕಾರ್ಯವು ಮುಗಿದಾಗ ಅದು ಒಳ್ಳೆಯದಾಗಿತ್ತೆಂಬ ಮಾತು ಪಲ್ಲವಿಯಂತೆ ಮರಳಿ ಮರಳಿ ಬರುವುದು. ಇದನ್ನು ಒಮ್ಮೆ ಗಟ್ಟಿಯಾಗಿ ಓದಿದವರಿಗೆ ಇದು ದೇವಾಲಯದಲ್ಲಿ ಸಭೆಯ ಮುಂದೆ ಉಚ್ಚರಿಸಲು ರಚಿತವಾದ ಗಂಭೀರ ಗದ್ಯಗೀತವೆಂಬುದು ಕಿವಿಯಿಂದಲೇ ಗೊತ್ತಾಗುವುದು.

ಆದರೆ ಕಿವಿಯಿಂದ ಓದುವುದನ್ನು ಬಿಟ್ಟು ಲೆಕ್ಕದ ಹಲಗೆಯನ್ನು ಹಿಡಿದು ಓದಿದವರೂ ಇದ್ದರು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಎಂಬ ಮಹಾ ವಿದ್ವಾಂಸನು ಬೈಬಲಿನ ವಂಶಾವಳಿಗಳನ್ನೂ ಪ್ರಾಚೀನ ರಾಜರ ಆಳ್ವಿಕೆಯ ವರ್ಷಗಳನ್ನೂ ಕೂಡಿಸಿ ಕಳೆದು, 1650ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸೃಷ್ಟಿ ನಡೆದದ್ದು ಕ್ರಿ.ಪೂ. 4004ರಲ್ಲಿ ಎಂದೂ ಆದಿಕಾಂಡದಲ್ಲಿಯೇ ಮುಂದೆ ಬರುವ ಜಲಪ್ರಳಯವಾದದ್ದು ಕ್ರಿ.ಪೂ. 2348ರಲ್ಲಿ ಎಂದೂ ನಿರ್ಣಯಿಸಿದನು. ಹದಿನೆಂಟನೆಯ ಶತಮಾನದ ಆದಿಯಿಂದ ಇಂಗ್ಲಿಷ್ ಬೈಬಲುಗಳ ಅಂಚಿನಲ್ಲಿ ಈ ವರ್ಷಗಳನ್ನು ಮುದ್ರಿಸತೊಡಗಿದರು. ಅಂಚಿನಲ್ಲಿದ್ದುದು ಕ್ರಮೇಣ ಮೂಲಗ್ರಂಥದ ಮಾತೇ ಎಂಬಷ್ಟು ಗೌರವವನ್ನು ಪಡೆಯಿತು. ಅಷರನನ್ನು ಇಂದಿನವರು ಅಜ್ಞಾನಿಯೆಂದು ತಳ್ಳಿಹಾಕುವುದು ನನಗೆ ಸರಿಕಾಣದು. ತನ್ನ ಕಾಲಕ್ಕೆ ಲಭ್ಯವಿದ್ದ ಲಿಖಿತ ಪ್ರಮಾಣಗಳನ್ನೆಲ್ಲ ಶೋಧಿಸಿ ಗಣಿಸಿದ ಶ್ರಮಶೀಲನಾತ. ಕಲ್ಲಿನಲ್ಲಿಯೂ ಕಾಲವು ತನ್ನ ಲಿಪಿಯನ್ನು ಬಿಟ್ಟಿದೆಯೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಆ ಲಿಪಿಯನ್ನು ಮೊದಲು ಓದಿದವನು ಸ್ಕಾಟ್ಲೆಂಡಿನ ಜೇಮ್ಸ್ ಹಟ್ಟನ್. ನದಿಗಳು ಹೊತ್ತು ತರುವ ಮಣ್ಣು ಮರಳುಗಳು ಸಮುದ್ರದ ತಳದಲ್ಲಿ ಪದರುಪದರಾಗಿ ಕೂತು ಕಲ್ಲಾಗುವುದು, ಆ ಕಲ್ಲು ಭೂಮಿಯ ಒಳಗಿನ ಶಾಖದಿಂದ ಮೇಲೆದ್ದು ಮತ್ತೆ ಸವೆದು ಮಣ್ಣಾಗುವುದು, ಇಂದು ನಮ್ಮ ಕಣ್ಣೆದುರಿಗೆ ನಡೆಯುವ ಈ ಮಂದಗತಿಯ ವ್ಯಾಪಾರವೇ ಪೂರ್ವಕಾಲದಲ್ಲಿಯೂ ನಡೆದಿರಬೇಕಾದರೆ ಅದಕ್ಕೆ ಆರು ಸಾವಿರ ವರ್ಷಗಳು ಎಷ್ಟಕ್ಕೂ ಸಾಲವೆಂದು ಅವನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಾದಿಸಿದನು. ಲಯಲ್ ಅದನ್ನೇ ವಿಸ್ತರಿಸಿ ಶಾಸ್ತ್ರವನ್ನಾಗಿ ಮಾಡಿದನು. ಬಳ್ಳಾರಿಯ ಕಡೆಗೆ ಈ ವಿದ್ಯೆ ಬಂದದ್ದು ಮದರಾಸು ಸೈನ್ಯದ ಅಧಿಕಾರಿ ಟಿ. ಜೆ. ನ್ಯೂಬೋಲ್ಡನಿಂದ. ಸಂಡೂರಿನ ಗುಡ್ಡಗಳು, ಕುಪ್ಪಗಲ್ಲಿನ ಬೆಟ್ಟ, ಕುಡತಿನಿಯ ಬೂದಿಗುಡ್ಡೆ ಇವೆಲ್ಲದರ ಮೇಲೆ ದೃಷ್ಟಿಯಿಟ್ಟು 1840ರ ದಶಕದಲ್ಲಿ ಅವನು ಬರೆದ ಲೇಖನಗಳು ದಕ್ಷಿಣ ಭಾರತದ ಭೂಗರ್ಭಶಾಸ್ತ್ರಕ್ಕೆ ತಳಪಾಯದಂತಿರುವುವು.

ನ್ಯೂಬೋಲ್ಡನ ತರುವಾಯ ಬಂದ ರಾಬರ್ಟ್ ಬ್ರೂಸ್ ಫೂಟನ ವಿಷಯದಲ್ಲಿ ಸ್ವಲ್ಪ ತಡೆದು ನಿಲ್ಲಬೇಕು. 1834ರಲ್ಲಿ ಜನಿಸಿ 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿದ ಈತನು 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರದಲ್ಲಿ ಮನುಷ್ಯನ ಕೈ ಕೆತ್ತಿದ ಹಳೆಯ ಶಿಲಾಯುಗದ ಕೈಗೊಡಲಿಯೊಂದನ್ನು ಎತ್ತಿಕೊಂಡನು. ಕೆಲವು ತಿಂಗಳಲ್ಲಿಯೇ ಅತ್ತಿರಂಪಾಕ್ಕಂ ಎಂಬಲ್ಲಿ ಅಂಥವು ಇನ್ನೂ ದೊರೆತವು. ಭಾರತದಲ್ಲಿ ಮನುಷ್ಯನು ಎಷ್ಟು ಪ್ರಾಚೀನನೆಂಬ ಶೋಧನೆಯ ಆರಂಭ ಅದೇ. ಅತ್ತಿರಂಪಾಕ್ಕಂನ ಉಪಕರಣಗಳಲ್ಲಿ ಅತಿ ಹಳೆಯವಕ್ಕೆ ಹದಿನೈದು ಲಕ್ಷ ವರ್ಷಗಳಾಗಿರುವುವೆಂದು ಈಚಿನ ಪರೀಕ್ಷೆಗಳಿಂದ ತಿಳಿದುಬಂದಿರುವುದು. ಆಮೇಲೆ ಫೂಟನು ಕೃಷ್ಣೆಯಿಂದ ತುಂಗಭದ್ರೆಯವರೆಗಿನ ಸೀಮೆಯನ್ನೂ, ಕೂಡ್ಲಿಗಿ ಹಡಗಲಿ ಹರಪನಹಳ್ಳಿಗಳನ್ನೊಳಗೊಂಡ ಅಂದಿನ ಬಳ್ಳಾರಿ ಜಿಲ್ಲೆಯನ್ನೂ ಸುತ್ತಿ, ನಮ್ಮ ಕಪ್ಪುಶಿಲೆಗಳ ಹಳೆಯ ಸಮುದಾಯಕ್ಕೆ ಧಾರವಾಡದ ಹೆಸರನ್ನಿಟ್ಟು, 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಬೃಹದ್‌ಗ್ರಂಥವನ್ನು ಪ್ರಕಟಿಸಿದನು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು 1894ರಲ್ಲಿ ಸ್ಥಾಪಿಸಿದಾಗ ಅದರ ಮೊದಲ ಮುಖ್ಯಾಧಿಕಾರಿಯಾದವನೂ ಇವನೇ. ಈ ಫೂಟನ ಮಾವ ಪೀಟರ್ ಪರ್ಸಿವಲ್ ಎಂಬ ಪಾದ್ರಿ. ಯಾಳ್ಪಾಣದಲ್ಲಿ ಆರುಮುಗ ನಾವಲರ ಸಹಾಯದಿಂದ ಬೈಬಲನ್ನು ತಮಿಳಿಗೆ ಭಾಷಾಂತರಿಸಿದವನು. ಮಾವನು ಆದಿಕಾಂಡವನ್ನು ತಮಿಳರಿಗೆ ಕೊಟ್ಟವನು, ಅಳಿಯನು ಆದಿಕಾಂಡದ ಅಂಚಿನಲ್ಲಿ ಅಚ್ಚಾದ ವರ್ಷಗಳನ್ನು ಪಲ್ಲಾವರದ ಒಂದು ಕಲ್ಲಿನಿಂದ ಅಳಿಸಿಹಾಕಿದವನು. ಧರ್ಮಕ್ಕೂ ವಿಜ್ಞಾನಕ್ಕೂ ಹುಟ್ಟುಹಗೆಯೆಂದು ನಂಬುವವರು ಈ ಒಂದು ಕುಟುಂಬವನ್ನು ನೆನೆಯಬೇಕು.

ಇನ್ನು ಈ ಬಂಡೆಗಳು ತಮ್ಮ ವಯಸ್ಸನ್ನು ಹೇಗೆ ಹೇಳುವುವೆಂಬುದನ್ನು ನೋಡೋಣ. ಫೂಟನ ಕಾಲದಲ್ಲಿ ಯಾವ ಕಲ್ಲು ಹಿಂದಿನದು, ಯಾವುದು ಮುಂದಿನದು ಎಂದು ಹೇಳಬಹುದಾಗಿತ್ತೇ ಹೊರತು ಎಷ್ಟು ವರ್ಷದ್ದೆಂದು ಹೇಳುವ ಉಪಾಯವಿರಲಿಲ್ಲ. ಭೂಮಿಯು ತಣ್ಣಗಾಗುವ ಗತಿಯಿಂದ ಲೆಕ್ಕ ಹಾಕಿದ ಲಾರ್ಡ್ ಕೆಲ್ವಿನ್ ಕೊನೆಗೆ ಎರಡರಿಂದ ನಾಲ್ಕು ಕೋಟಿ ವರ್ಷಗಳೆಂದು ಹೇಳಿದ್ದನು. 1896ರಲ್ಲಿ ಬೆಕೆರೆಲ್ ಯುರೇನಿಯಮ್ಮಿನ ವಿಕಿರಣವನ್ನು ಕಂಡುಹಿಡಿದ ಮೇಲೆ ಮಾರ್ಗವು ತೆರೆಯಿತು. ಯುರೇನಿಯಂ ತನ್ನಷ್ಟಕ್ಕೆ ತಾನೇ ಕ್ಷಯಿಸಿ ಸೀಸವಾಗುವುದು. ಅದರ ಮುಖ್ಯ ಪ್ರಭೇದವು ಅರ್ಧಕ್ಕಿಳಿಯಲು 447 ಕೋಟಿ ವರ್ಷಗಳು ಬೇಕು. ನಮ್ಮ ಕಡೆಯ ಹಗೇವಿನಲ್ಲಿ ಬಾಯಿ ಮುಚ್ಚಿ ಕಾಯ್ದಿಟ್ಟ ಜೋಳದಲ್ಲಿ ವರ್ಷಕ್ಕೆ ಇಂತಿಷ್ಟು ಪಾಲು ಹುಳು ಹಿಡಿದು ಹುಡಿಯಾಗುವುದೆಂದು ಖಚಿತವಾಗಿ ಗೊತ್ತಿದ್ದಲ್ಲಿ, ಹಗೇವನ್ನು ತೆರೆದ ದಿನ ಉಳಿದ ಕಾಳನ್ನೂ ಆದ ಹುಡಿಯನ್ನೂ ಅಳೆದು ಅದನ್ನು ಮುಚ್ಚಿ ಎಷ್ಟು ವರ್ಷವಾಯಿತೆಂದು ಹೇಳಬಹುದಷ್ಟೆ. ಜಿರ್ಕಾನ್ ಎಂಬ ಸಣ್ಣ ಹರಳುಗಳು ಗ್ರಾನೈಟಿನ ಒಡಲಿನಲ್ಲಿ ಅಂಥ ಹಗೇವುಗಳಾಗಿರುವುವು. ರಾಮನಗರದಿಂದ ಹಂಪಿ ಕೊಪ್ಪಳಗಳವರೆಗೆ ಸುಮಾರು ನಾನೂರು ಕಿಲೋಮೀಟರು ಉದ್ದಕ್ಕೆ ಚಾಚಿರುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಈ ಗಣನೆಯಂತೆ ಸುಮಾರು 250 ಕೋಟಿ ವರ್ಷ. ಸಂಡೂರಿನ ಶಿಲಾಪಟ್ಟಿಗೆ ಸುಮಾರು 270 ಕೋಟಿ. ಉಲ್ಕಾಶಿಲೆಗಳನ್ನು ಪರೀಕ್ಷಿಸಿ 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಸ್ಥಿರಪಡಿಸಿದಂತೆ ಭೂಮಿಗೆ ಸುಮಾರು 455 ಕೋಟಿ.

ಸಂಡೂರಿನ ಕಬ್ಬಿಣದ ಅದಿರು ಹುಟ್ಟಿದ ಬಗೆಯನ್ನು ತಿಳಿದವರಿಗೆ ಆದಿಕಾಂಡದ ಜಲರಾಶಿಯ ನೆನಪಾಗದಿರದು. ಇಂದು ಲಾರಿಗಳ ಧೂಳಿನಲ್ಲಿ ಕೆಂಪೇರಿರುವ ಆ ಬೆಟ್ಟಗಳು ಒಂದು ಕಾಲಕ್ಕೆ ಸಾಗರದ ತಳವಾಗಿದ್ದುವು. ಆಗಿನ ಗಾಳಿಯಲ್ಲಿ ಆಮ್ಲಜನಕವು ಇಲ್ಲವೆನ್ನುವಷ್ಟು ಕಡಿಮೆ. ಆದಕಾರಣ ಕಬ್ಬಿಣವು ನೀರಿನಲ್ಲಿ ಕರಗಿಯೇ ಇರುತ್ತಿದ್ದಿತು. ಅದು ನೀರಿನಲ್ಲಿ ಆಮ್ಲಜನಕವನ್ನು ಸಂಧಿಸಿ ಕೆಳಗಿಳಿದು, ಮರಳಿನ ಜಾತಿಯ ಸಿಲಿಕದ ಪದರಗಳೊಡನೆ ಒಂದರ ಮೇಲೊಂದಾಗಿ ಕೂತು, ಪಟ್ಟೆಪಟ್ಟೆಯಾದ ಅದಿರುಶಿಲೆಯಾಯಿತು. ಅದೇ ಶಿಲಾಪಟ್ಟಿಯ ಸುಣ್ಣಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಗುಮ್ಮಟಾಕಾರದ ಪದರುಗಳುಂಟು. ಬರಿಗಣ್ಣಿಗೆ ಕಾಣದ ಜೀವಾಣುಗಳ ವಸಾಹತುಗಳು ನಿರ್ಮಿಸಿದ ಅವು ಕನ್ನಡ ನೆಲದ ಅತಿ ಹಳೆಯ ಜೀವಚಿಹ್ನೆಗಳ ಪಂಕ್ತಿಗೆ ಸೇರಿದುವು. ಮನುಷ್ಯನಾಗಲಿ ಮೀನಾಗಲಿ ಹುಲ್ಲಾಗಲಿ ಇಲ್ಲದ ಭೂಮಿಯಲ್ಲಿ ಕೋಟಿಕೋಟಿ ವರ್ಷಗಳ ಕಾಲ ಇವೇ ಜೀವದ ಏಕಮಾತ್ರ ವಾರಸುದಾರರಾಗಿದ್ದುವೆಂಬುದನ್ನು ಭಾವಿಸಿದಾಗ ಭಕ್ತನಿಗಾಗಲಿ ನಾಸ್ತಿಕನಿಗಾಗಲಿ ಮೈ ನವಿರೇಳಬೇಕು.

ಆರು ದಿನಗಳಿಗೂ 455 ಕೋಟಿ ವರ್ಷಗಳಿಗೂ ಇರುವ ಈ ಅಂತರವನ್ನು ತುಂಬಲು ಹತ್ತೊಂಬತ್ತನೆಯ ಶತಮಾನದ ಧರ್ಮನಿಷ್ಠರು ನಾನಾ ಸೇತುವೆಗಳನ್ನು ಕಟ್ಟಿದರು. ಥಾಮಸ್ ಚಾಮರ್ಸ್ ಎಂಬ ಸ್ಕಾಟಿಷ್ ಧರ್ಮಬೋಧಕನು, ಆದಿಕಾಂಡದ ಮೊದಲನೆಯ ವಾಕ್ಯಕ್ಕೂ ಎರಡನೆಯದಕ್ಕೂ ನಡುವೆ ಅಪರಿಮಿತ ಕಾಲವು ಸಂದಿರಬಹುದು, ಶಿಲೆಗಳ ಚರಿತ್ರೆಯೆಲ್ಲ ಆ ಸಂದಿನಲ್ಲಿ ನಡೆದಿರಬಹುದು ಎಂದನು. ಕಲ್ಲುಕುಟಿಗನಾಗಿ ಜೀವನವನ್ನಾರಂಭಿಸಿ, ಒಡೆದ ಕಲ್ಲಿನಲ್ಲಿ ಕಂಡ ಮೀನಿನ ಅವಶೇಷಗಳಿಂದ ಪ್ರೇರಿತನಾಗಿ ಭೂಗರ್ಭಶಾಸ್ತ್ರಜ್ಞನಾದ ಹ್ಯೂ ಮಿಲ್ಲರನು, ಆರು ದಿನಗಳೆಂದರೆ ಆರು ದೀರ್ಘಯುಗಗಳೆಂದು ಪ್ರತಿಪಾದಿಸಿದನು; ಅವನ ಕೊನೆಯ ಗ್ರಂಥವು ಅವನ ಮರಣಾನಂತರ 1857ರಲ್ಲಿ ಹೊರಬಂದಿತು. ಅದೇ ವರ್ಷ ಫಿಲಿಪ್ ಗಾಸ್ ಎಂಬ ಜೀವವಿಜ್ಞಾನಿಯು, ದೇವರು ಜಗತ್ತನ್ನು ಹಳೆಯದಾಗಿ ಕಾಣುವಂತೆಯೇ ಹೊಸದಾಗಿ ಸೃಷ್ಟಿಸಿದನು, ಎಂದೂ ಬದುಕಿಲ್ಲದ ಪ್ರಾಣಿಗಳ ಅಸ್ಥಿಗಳನ್ನು ಕಲ್ಲಿನಲ್ಲಿ ಹುದುಗಿಸಿಟ್ಟನು ಎಂದು ಬರೆದನು. ಇದನ್ನು ಓದಿ ಮೊದಲು ನೊಂದವರು ಭಕ್ತರೇ. ಗಾಸನ ಮಿತ್ರನೂ ಪಾದ್ರಿಯೂ ಆದ ಚಾರ್ಲ್ಸ್ ಕಿಂಗ್ಸ್‌ಲಿ, ಕಲ್ಲಿನ ಮೇಲೆ ದೇವರು ಸುಳ್ಳನ್ನು ಬರೆದನೆಂದು ತಾನು ನಂಬಲಾರೆನೆಂಬ ಅಭಿಪ್ರಾಯವನ್ನು ಅವನಿಗೆ ತಿಳಿಸಿದನು. ಆ ಪ್ರತ್ಯುತ್ತರದಲ್ಲಿ ಇರುವ ಧರ್ಮಪ್ರಜ್ಞೆಗೆ ನಾನು ತಲೆಬಾಗುತ್ತೇನೆ.

ಈ ಸೇತುವೆಗಳಲ್ಲಿ ಮಿಲ್ಲರನದು ಅತ್ಯಂತ ಆಕರ್ಷಕವಾದುದು. ಇಂದಿಗೂ ಸದ್ಭಾವದಿಂದ ಕೂಡಿದ ಅನೇಕರು ಅದನ್ನು ನಂಬಿರುವರು. ದಿನವೆಂಬುದನ್ನು ಯುಗವೆಂದು ಇಟ್ಟುಕೊಂಡರೆ ಮೊದಲು ಬೆಳಕು, ಆಮೇಲೆ ನೀರು, ನೆಲ, ಸಸ್ಯ, ಜಲಚರ, ಭೂಚರ, ಕೊನೆಗೆ ಮನುಷ್ಯ ಎಂಬ ಅನುಕ್ರಮವು ವಿಜ್ಞಾನದ ಅನುಕ್ರಮಕ್ಕೆ ಹೊಂದುವಂತೆ ಮೇಲುನೋಟಕ್ಕೆ ತೋರುವುದು. ಹತ್ತಿರ ಹೋಗಿ ನೋಡಿದರೆ ಹೊಂದದು. ಹಣ್ಣಿನ ಮರಗಳು ಮೂರನೆಯ ದಿನವೂ ಸೂರ್ಯನು ನಾಲ್ಕನೆಯ ದಿನವೂ ಹುಟ್ಟುವುದಾದರೆ, ಯುಗವನ್ನು ಎಷ್ಟು ದೀರ್ಘವಾಗಿಸಿದರೆ ಅಷ್ಟು ದೀರ್ಘಕಾಲ ಆ ಮರಗಳು ಬಿಸಿಲಿಲ್ಲದೆ ನಿಂತಿರಬೇಕು. ಶಿಲಾವಶೇಷಗಳ ಪ್ರಕಾರ ಮೀನುಗಳು ಸುಮಾರು 50 ಕೋಟಿ ವರ್ಷಗಳ ಹಿಂದಿನವು. ಹೂಬಿಟ್ಟು ಹಣ್ಣಾಗುವ ಗಿಡಗಳಾದರೋ ಹದಿಮೂರು ಕೋಟಿ ವರ್ಷಗಳ ಆಸುಪಾಸಿನವು. ಆದಿಕಾಂಡದಲ್ಲಿ ಹಣ್ಣಿನ ಮರ ಮೊದಲು, ಮೀನು ಆಮೇಲೆ. ಪಕ್ಷಿಗಳು ಭೂಚರ ಪ್ರಾಣಿಗಳ ಒಂದು ಶಾಖೆಯಿಂದ ಕವಲೊಡೆದು ಬಂದುವೆಂದು ವಿಜ್ಞಾನವು ಹೇಳಿದರೆ, ಆದಿಕಾಂಡದಲ್ಲಿ ಪಕ್ಷಿಗಳು ಒಂದು ದಿನ ಮುಂಚೆ. ಇಷ್ಟು ಸಾಲದೆಂಬಂತೆ ಎರಡನೆಯ ಅಧ್ಯಾಯದಲ್ಲಿ ಬರುವ ಬೇರೊಂದು ಸೃಷ್ಟಿಕಥನದಲ್ಲಿ ಮಣ್ಣಿನಿಂದ ಮನುಷ್ಯನು ಮೊದಲು ರೂಪುಗೊಂಡು, ತೋಟವೂ ಪ್ರಾಣಿಗಳೂ ಅನಂತರ ಬರುವುವು. ಎರಡು ಕ್ರಮಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ಉಳಿಸಿಕೊಂಡು ಬಂದ ಪ್ರಾಚೀನ ಇಬ್ರಿಯರು ಅವುಗಳ ಭೇದವನ್ನು ಕಾಣದಷ್ಟು ಮಂದಬುದ್ಧಿಯವರೆಂದು ಊಹಿಸುವುದು ಅನ್ಯಾಯ. ಅವರು ಅದನ್ನು ದಿನಚರಿಯಾಗಿ ಓದಲಿಲ್ಲವೆಂದು ತಿಳಿಯುವುದೇ ಯುಕ್ತ.

ಜಲಪ್ರಳಯದ ವಿಚಾರದಲ್ಲಿ ನಮ್ಮ ಬಳ್ಳಾರಿ ರಾಯಚೂರು ಸೀಮೆಯೇ ನೇರವಾಗಿ ಸಾಕ್ಷ್ಯ ನುಡಿಯಬಲ್ಲುದು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಒಂದು ದೊಡ್ಡ ಬೂದಿಯ ದಿಬ್ಬವುಂಟು. ಭೀಮನು ಕೊಂದ ಹಿಡಿಂಬಾಸುರನ ಚಿತಾಭಸ್ಮವದು ಎಂದು ಜನ ಹೇಳುತ್ತ ಬಂದರು. ಹಂಪಿಯ ಹತ್ತಿರ ನಿಂಬಾಪುರದಲ್ಲಿರುವ ಅಂಥದೇ ದಿಬ್ಬವನ್ನು ವಾಲಿಯ ದಹನಸ್ಥಾನವೆಂದರು. ಫೂಟನು ಇವು ನೂತನ ಶಿಲಾಯುಗದ ಗೋಪಾಲಕರು ಬಿಟ್ಟ ಸುಟ್ಟ ಸಗಣಿಯ ರಾಶಿಗಳೆಂದು ಗುರುತಿಸಿದನು. ರೇಮಂಡ್ ಆಲ್ಚಿನ್ 1957ರಲ್ಲಿ ಉಟ್ನೂರಿನಲ್ಲಿ ನಡೆಸಿದ ಉತ್ಖನನದಿಂದ ಅದು ದೃಢಪಟ್ಟಿತು. ದನಗಳ ದೊಡ್ಡಿಯಲ್ಲಿ ಶೇಖರವಾದ ಸಗಣಿಯನ್ನು ಕಾಲಕಾಲಕ್ಕೆ ಸುಟ್ಟು, ಆ ಬೂದಿಯ ಮೇಲೆ ಮತ್ತೆ ದನ ಕಟ್ಟಿ, ಮತ್ತೆ ಸುಟ್ಟು, ತಲೆಮಾರುಗಳ ಕಾಲ ನಡೆಸಿದ ಬಾಳಿನ ಗುರುತದು. ಇಂಗಾಲದ ವಿಕಿರಣ ಗಣನೆಯಿಂದ ಈ ಜನರ ಕಾಲವು ಕ್ರಿ.ಪೂ. ಮೂರನೆಯ ಸಹಸ್ರಮಾನದಿಂದ ಎರಡನೆಯ ಸಹಸ್ರಮಾನದವರೆಗೆ ಎಂದು ಗೊತ್ತಾಗಿರುವುದು. ಅಷರನು ಹೇಳಿದ ಪ್ರಳಯದ ವರ್ಷ ಕ್ರಿ.ಪೂ. 2348 ಆ ಅವಧಿಯೊಳಗೇ ಬೀಳುವುದು. ಬೆಟ್ಟಗಳೆಲ್ಲ ಮುಳುಗುವಷ್ಟು ನೀರು ಆಗ ಭೂಮಂಡಲವನ್ನೆಲ್ಲ ಆವರಿಸಿದ್ದಲ್ಲಿ ಬೂದಿಯ ಆ ಪದರಗಳು ಕದಡಿ ಕೊಚ್ಚಿಹೋಗದೆ ಒಂದರ ಮೇಲೊಂದು ಉಳಿಯುತ್ತಿದ್ದುವೇ? ಯೂಫ್ರಟೀಸ್ ಟೈಗ್ರಿಸ್ ನದಿಗಳ ಬಯಲಿನಲ್ಲಿ ಘೋರ ಪ್ರವಾಹಗಳು ಆಗಿದ್ದಿರಬಹುದು, ಅವುಗಳ ನೆನಪು ಕಥೆಯಾಗಿ ಬಂದಿರಬಹುದು; ನಮ್ಮ ಗೋಪಾಲಕರ ದೊಡ್ಡಿಗೆ ಮಾತ್ರ ಆ ನೀರು ಬರಲಿಲ್ಲ.

ಅಕ್ಷರಾರ್ಥವನ್ನು ಬಿಟ್ಟು ಓದುವ ಪದ್ಧತಿ ವಿಜ್ಞಾನಕ್ಕೆ ಹೆದರಿ ಇತ್ತೀಚೆಗೆ ಕಲ್ಪಿಸಿಕೊಂಡದ್ದೆಂದು ಕೆಲವರು ಆಕ್ಷೇಪಿಸುವರು. ಅದು ನಿಜವಲ್ಲ. ಮೂರನೆಯ ಶತಮಾನದಲ್ಲಿ ಆರಿಜೆನ್ ಎಂಬ ಕ್ರೈಸ್ತ ಆಚಾರ್ಯನು, ಸೂರ್ಯನೇ ಇಲ್ಲದೆ ಮೊದಲ ಮೂರು ದಿನಗಳ ಸಾಯಂಕಾಲ ಪ್ರಾತಃಕಾಲಗಳು ಉಂಟಾದುವೆಂದು ವಿವೇಕಿಯಾದ ಯಾವನು ತಾನೇ ಅಕ್ಷರಶಃ ಗ್ರಹಿಸುವನೆಂದು ಕೇಳಿದ್ದನು. ಐದನೆಯ ಶತಮಾನದ ಆದಿಯಲ್ಲಿ ಆಗಸ್ಟೀನನು, ಆ ದಿನಗಳು ನಮ್ಮ ದಿನಗಳಂಥವಲ್ಲವೆಂದು ಹೇಳಿದ್ದಲ್ಲದೆ, ಆಕಾಶ ಭೂಮಿಗಳ ವಿಷಯದಲ್ಲಿ ಅನುಭವದಿಂದ ತಿಳಿದವರೆದುರಿಗೆ ಧರ್ಮಗ್ರಂಥದ ಹೆಸರಿನಲ್ಲಿ ಅಸಂಗತವಾದುದನ್ನು ಸಾಧಿಸಹೊರಡುವ ಕ್ರೈಸ್ತನು ತನ್ನ ಧರ್ಮವನ್ನೇ ಅಪಹಾಸ್ಯಕ್ಕೆ ಈಡುಮಾಡುವನೆಂದು ಎಚ್ಚರಿಸಿದ್ದನು. ಭೂಗರ್ಭಶಾಸ್ತ್ರವು ಹುಟ್ಟುವುದಕ್ಕೆ ಸಾವಿರದ ಮುನ್ನೂರು ವರ್ಷಗಳ ಮುಂಚಿನ ಮಾತಿದು.

ಹಾಗಾದರೆ ಆ ಅಧ್ಯಾಯದ ತಾತ್ಪರ್ಯವೇನು? ಅದು ಈಗಿನ ರೂಪವನ್ನು ತಾಳಿದ್ದು ಕ್ರಿ.ಪೂ. ಆರನೆಯ ಶತಮಾನದ ಸುಮಾರಿಗೆ, ಇಬ್ರಿಯರು ಸೋತು ಬಾಬಿಲೋನಿಗೆ ಸೆರೆಯಾಗಿ ಒಯ್ಯಲ್ಪಟ್ಟ ಕಾಲದಲ್ಲಿ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಬಾಬಿಲೋನಿನವರ ಸೃಷ್ಟಿಕಥೆಯನ್ನು ಒಳಗೊಂಡ ಮಣ್ಣಿನ ಹಲಗೆಗಳನ್ನು ಓದಿ ಜಾರ್ಜ್ ಸ್ಮಿತ್ ಎಂಬ ಪಂಡಿತನು 1876ರಲ್ಲಿ ಪ್ರಕಟಿಸಿದ ಮೇಲೆ ಆದಿಕಾಂಡವು ಯಾರಿಗೆ ಉತ್ತರವಾಗಿ ನುಡಿಯುತ್ತಿದೆಯೆಂಬುದು ಬೆಳಕಿಗೆ ಬಂದಿತು. ಆ ಕಥೆಯಲ್ಲಿ ಮರ್ದೂಕನೆಂಬ ದೇವತೆಯು ತಿಯಾಮತಳೆಂಬ ಸಮುದ್ರರಾಕ್ಷಸಿಯನ್ನು ಕೊಂದು ಆಕೆಯ ಶವವನ್ನು ಸೀಳಿ ಆಕಾಶಭೂಮಿಗಳನ್ನು ಮಾಡುವನು. ದೇವತೆಗಳ ಊಳಿಗವನ್ನು ಮಾಡಲೆಂದು ಸೋತ ದೈವವೊಂದರ ರಕ್ತದಿಂದ ಮನುಷ್ಯನು ನಿರ್ಮಿತನಾಗುವನು. ಸೆರೆಯಲ್ಲಿದ್ದ ಜನ ಇದಕ್ಕೆ ಎದುರಾಗಿ ಹೇಳಿದ್ದೇನೆಂದರೆ: ಜಗತ್ತು ಕೊಲೆಯಿಂದ ಹುಟ್ಟಿದ್ದಲ್ಲ, ಅದು ಒಳ್ಳೆಯದು, ಬಾಬಿಲೋನಿನವರು ಪೂಜಿಸುವ ಸೂರ್ಯಚಂದ್ರರು ಆಕಾಶದಲ್ಲಿ ತೂಗಿಟ್ಟ ಎರಡು ದೀಪಗಳಷ್ಟೆ, ಮನುಷ್ಯನು, ರಾಜನಾಗಲಿ ಸೆರೆಯಾಳಾಗಲಿ, ದೇವರ ಸ್ವರೂಪವನ್ನು ಹೊತ್ತವನು, ದುಡಿಯುವವನಿಗೆ ಏಳನೆಯ ದಿನ ವಿಶ್ರಾಂತಿಯುಂಟು. ದಿನಗಳ ವಿನ್ಯಾಸವೂ ಕಾಲಕ್ರಮದ್ದಲ್ಲ, ಕವಿಯ ಹವಣಿಕೆಯದು: ಮೊದಲ ಮೂರು ದಿನಗಳಲ್ಲಿ ಬೆಳಕು, ಆಕಾಶಜಲಗಳು, ನೆಲ ಎಂಬ ಮನೆಗಳನ್ನು ಕಟ್ಟಿ, ಮುಂದಿನ ಮೂರು ದಿನಗಳಲ್ಲಿ ಅದೇ ಕ್ರಮದಿಂದ ಜ್ಯೋತಿಗಳು, ಪಕ್ಷಿಮತ್ಸ್ಯಗಳು, ಭೂಚರರು ಎಂಬ ನಿವಾಸಿಗಳನ್ನು ತುಂಬಲಾಗಿದೆ. ಮರಗಳ ತರುವಾಯ ಸೂರ್ಯನು ಬಂದುದಕ್ಕೆ ಕಾರಣ ಅಲ್ಲಿದೆ. ಸೆರೆಯಾಳಿಗೂ ದೈವಸ್ವರೂಪವುಂಟೆಂಬ ಮಾತಿನ ಸತ್ಯಾಸತ್ಯವನ್ನು ಯುರೇನಿಯಮ್ಮಿನ ಕ್ಷಯದಿಂದ ನಿರ್ಣಯಿಸಲಾಗದು. ಸಂಡೂರಿನ ಅದಿರಿನ ವಯಸ್ಸನ್ನು ಪ್ರಾರ್ಥನೆಯಿಂದ ತಿಳಿಯಲಾಗದು.

ಈ ವಿವೇಕವನ್ನು ಆಚರಣೆಯಲ್ಲಿ ತೋರಿಸಿದ ಒಬ್ಬ ಮಹನೀಯನಿದ್ದನು. ವಿಶ್ವವು ವಿಸ್ತರಿಸುತ್ತಿರುವುದೆಂದು 1927ರಲ್ಲಿಯೂ, ಅದು ಒಂದು ಆದಿಮ ಪರಮಾಣುವಿನಿಂದ ಸ್ಫೋಟಿಸಿ ಹೊರಟಿತೆಂದು 1931ರಲ್ಲಿಯೂ ಪ್ರತಿಪಾದಿಸಿದ ಜಾರ್ಜ್ ಲ್ಮೇತ್ರ್ ಬೆಲ್ಜಿಯಂ ದೇಶದ ಕಥೋಲಿಕ ಪಾದ್ರಿ. ಇಂದು ಮಹಾಸ್ಫೋಟವೆಂದು ನಾವು ಕರೆಯುವ, 1,380 ಕೋಟಿ ವರ್ಷಗಳ ಹಿಂದಿನ ಆರಂಭದ ಕಲ್ಪನೆಗೆ ಮೂಲಪುರುಷನಾತ. 1951ರ ನವೆಂಬರಿನಲ್ಲಿ ಹನ್ನೆರಡನೆಯ ಪಯಸ್ ಪೋಪರು, ಬೆಳಕಾಗಲೆಂಬ ದೈವಾಜ್ಞೆಗೆ ಈ ಸಿದ್ಧಾಂತದಲ್ಲಿ ಸಾಕ್ಷ್ಯ ದೊರೆತಿದೆಯೆಂಬ ಅರ್ಥದಲ್ಲಿ ಮಾತನಾಡಿದಾಗ ಎಲ್ಲರಿಗಿಂತ ಹೆಚ್ಚಾಗಿ ಕಳವಳಗೊಂಡವನು ಲ್ಮೇತ್ರನೇ. ತನ್ನ ಸಿದ್ಧಾಂತವು ಗಣಿತದ್ದು, ಅದನ್ನು ಆಸ್ತಿಕನೂ ನಾಸ್ತಿಕನೂ ಸಮಾನವಾಗಿ ಪರೀಕ್ಷಿಸಬಹುದಾದದ್ದು ಎಂಬುದು ಅವನ ದೃಢನಿಲುವಾಗಿದ್ದಿತು. ಮರುವರ್ಷ ಖಗೋಳಜ್ಞರ ಸಮ್ಮೇಳನವನ್ನು ಉದ್ದೇಶಿಸಿ ಮಾತನಾಡುವಾಗ ಪೋಪರು ಆ ಸಂಬಂಧವನ್ನು ಮತ್ತೆ ಎತ್ತಲಿಲ್ಲ. ತನ್ನ ಧರ್ಮಕ್ಕೆ ಅನುಕೂಲವಾದ ಪ್ರಮಾಣವನ್ನು ಕೂಡ ಅವಸರದಿಂದ ಬಾಚಿಕೊಳ್ಳದ ಈ ಸಂಯಮವನ್ನು ನಾನು ಸಮನ್ವಯದ ನಿಜವಾದ ಮಾದರಿಯೆಂದು ಭಾವಿಸುವೆನು. ವಿಕಾಸವಾದವನ್ನು ಬೋಧಿಸಿದನೆಂದು 1925ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಶಾಲಾ ಉಪಾಧ್ಯಾಯನೊಬ್ಬನನ್ನು ನ್ಯಾಯಾಲಯಕ್ಕೆ ಎಳೆದವರ ಮಾರ್ಗವೂ ಉಂಟು; ಅದರಿಂದ ಧರ್ಮಕ್ಕೆ ಕಿಂಚಿತ್ತೂ ಗೌರವ ಹೆಚ್ಚಲಿಲ್ಲ.

ಈ ಪಾಠವು ಕ್ರೈಸ್ತರಿಗೆ ಮಾತ್ರ ಬೇಕಾದುದೆಂದು ನಾವು ಸಮಾಧಾನಪಡುವಂತಿಲ್ಲ. ನಮ್ಮ ಪುರಾಣಗಳ ಗಣನೆಯಲ್ಲಿ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ಇದು ಭೂಮಿಯ ವಯಸ್ಸಿಗೆ ಸಮೀಪವಾಗಿದೆಯೆಂದು ಹಿಗ್ಗಿ, ಋಷಿಗಳು ಭೂಗರ್ಭಶಾಸ್ತ್ರವನ್ನು ಮೊದಲೇ ಬಲ್ಲವರಾಗಿದ್ದರೆಂದು ಭಾಷಣಮಾಡುವವರನ್ನು ನಾವೆಲ್ಲ ಕೇಳಿದ್ದೇವೆ. ಕಲ್ಲನ್ನು ಒಡೆಯದೆ, ಅಳೆಯದೆ ಬಂದ ಸಂಖ್ಯೆಯು ಅಳೆದು ಬಂದ ಸಂಖ್ಯೆಗೆ ಹತ್ತಿರವಾದ ಮಾತ್ರಕ್ಕೆ ಅದು ಅದೇ ಜ್ಞಾನವಾಗಲಾರದು. ಅದೇ ಪುರಾಣಗಳಲ್ಲಿರುವ ಕ್ಷೀರಸಾಗರ, ದಧಿಸಾಗರಗಳಿಗೆ ಭೂಪಟದಲ್ಲಿ ಸ್ಥಳ ಹುಡುಕಬೇಕಾಗಿ ಬಂದಾಗ ಈ ವಾದವು ಮೌನವಾಗುವುದು. ಕಾಲವು ಮನುಷ್ಯನ ಅಳತೆಗೆ ಸಿಕ್ಕದಷ್ಟು ಅಗಾಧವೆಂಬ ಆ ಋಷಿಕಲ್ಪನೆಯ ಮಹತ್ತ್ವ ಬೇರೆ. ಅದಕ್ಕೆ ಪ್ರಯೋಗಶಾಲೆಯ ಮುದ್ರೆಯನ್ನೊತ್ತುವ ಅಗತ್ಯವಿಲ್ಲ. ಹಂಪಿಯ ಗುಂಡುಗಳು ವಾಲಿ ಸುಗ್ರೀವರು ಕಾದಾಡುತ್ತ ಎಸೆದುವೆಂಬ ಕಥೆಯನ್ನು ಕೇಳಿ ಬೆಳೆದ ಹುಡುಗನು, ಗ್ರಾನೈಟಿನ ಸೀಳುಗಳಲ್ಲಿ ಮಳೆಯ ನೀರಿಳಿದು ಅಂಚುಮೂಲೆಗಳನ್ನು ಮೊದಲು ಕರಗಿಸಿ, ಚೌಕವಾಗಿದ್ದ ದಿಮ್ಮಿಗಳು ಲಕ್ಷಾಂತರ ವರ್ಷಗಳಲ್ಲಿ ಉರುಟಾದುವೆಂಬುದನ್ನು ಕಲಿತಾಗ ಅವನ ರಾಮಾಯಣವೇನೂ ಚಿಕ್ಕದಾಗುವುದಿಲ್ಲ.

ಬಳ್ಳಾರಿ ಸೀಮೆಯ ಉಪಾಧ್ಯಾಯರಲ್ಲಿಯೂ, ಚರ್ಚುಗಳ ಸಭಾಪಾಲಕರಲ್ಲಿಯೂ, ಮಠಗಳ ಸ್ವಾಮಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆಯುಂಟು. ಸಂಗನಕಲ್ಲು ಕುಪ್ಪಗಲ್ಲುಗಳ ಬೆಟ್ಟವನ್ನು, ಅಲ್ಲಿ ನೂತನ ಶಿಲಾಯುಗದ ಜನ ಕೊಡಲಿಗಳನ್ನು ಕೆತ್ತಿದ ಕಮ್ಮಟವನ್ನೂ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಎತ್ತುಗಳ ಚಿತ್ರಗಳನ್ನೂ ಬಡಿದರೆ ನಾದಗೈವ ಕಲ್ಲುಗಳನ್ನೂ, ಕಲ್ಲುಗಣಿಯ ಸಿಡಿಮದ್ದು ಈಗಾಗಲೇ ಬಹಳಷ್ಟು ಹಾಳುಮಾಡಿದೆ. ಬೂದಿದಿಬ್ಬಗಳೂ ವರ್ಷವರ್ಷಕ್ಕೆ ಕರಗುತ್ತಿರುವುವು. ಇವು ನಾಶವಾದರೆ ಮತ್ತೊಮ್ಮೆ ಬರೆಯಿಸಿಕೊಳ್ಳಬಹುದಾದ ಪುಸ್ತಕಗಳಲ್ಲ. ಬಳ್ಳಾರಿ ನಗರದಲ್ಲಿ ಫೂಟನ ಹೆಸರನ್ನೇ ಹೊತ್ತ ಸಂಗನಕಲ್ಲು ಪ್ರಾಕ್ತನ ವಸ್ತುಸಂಗ್ರಹಾಲಯವಿದೆ. ತಂಬ್ರಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಶಾಲೆಗಳಿಂದ ಅದು ಒಂದು ಹಗಲಿನ ಪ್ರಯಾಣ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಕುಡತಿನಿಯಲ್ಲಿ ಇಳಿಸಿ ಆ ಬೂದಿಯ ಪದರಗಳನ್ನು ತೋರಿಸಿ, ಉಳಿದಿರುವ ಬೆಟ್ಟವನ್ನಾದರೂ ಕಾಪಾಡಬೇಕೆಂದು ಸರ್ಕಾರಕ್ಕೆ ಒಕ್ಕೊರಲಿನಿಂದ ಬರೆಯಿರಿ.